ಟ್ರೆಂಟ್ ಸಭೆಯ ಮಾತನ್ನೂ ಓದೋಣ

ಮಾನ್ಯ ಸಂಪಾದಕರೇ,

‘ಕಥೋಲಿಕರು ಸತ್ಕ್ರಿಯೆಗಳಿಂದ ರಕ್ಷಣೆಯನ್ನು (ಪಾಪದಿಂದ ಬಿಡುಗಡೆಯನ್ನು) ಗಳಿಸಹೊರಟವರು’ ಎಂಬ ಮಾತು ಕರಾವಳಿಯ ನಮ್ಮ ಪ್ರೊಟೆಸ್ಟೆಂಟ್ ಮನೆಗಳಲ್ಲಿ, ಅದರಲ್ಲೂ ಎರಡು ಸಭೆಗಳ ನಡುವೆ ಮದುವೆಯ ಪ್ರಸ್ತಾಪ ಬಂದಾಗ, ಇಂದಿಗೂ ಕೇಳಿಬರುತ್ತದೆ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟೆಂಟ್ ಸಭೆಯ ಸದಸ್ಯನಾಗಿ ನಾನು ಇದನ್ನು ಅನ್ಯಾಯದ ಮಾತೆಂದೇ ತಿಳಿಯುತ್ತೇನೆ.

ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರರ ಬೋಧನೆಗೆ ಉತ್ತರವಾಗಿ, ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ಟ್ರೆಂಟ್ ಮಹಾಸಭೆಯು 1547ರ ಜನವರಿ 13ರಂದು ಹೊರಡಿಸಿದ ಆಜ್ಞಾಪತ್ರದಲ್ಲಿ 33 ಖಂಡನಾ ನಿಯಮಗಳಿವೆ. ಅವುಗಳಲ್ಲಿ ಮೊತ್ತಮೊದಲನೆಯದು ಖಂಡಿಸುವುದು ಲೂಥರರನ್ನಲ್ಲ; ಕ್ರಿಸ್ತನ ಮೂಲಕ ದೊರೆಯುವ ದೈವಕೃಪೆಯಿಲ್ಲದೆ ಸ್ವಂತ ಕಾರ್ಯಗಳಿಂದಲೇ ಮನುಷ್ಯನು ದೇವರ ಮುಂದೆ ನೀತಿವಂತನಾಗಬಲ್ಲನು ಎನ್ನುವವರನ್ನು. ‘ನಂಬಿಕೆಯೊಂದೇ ಸಾಕು’ ಎಂಬುದನ್ನು ಒಂಬತ್ತನೆಯ ನಿಯಮ ತಿರಸ್ಕರಿಸಿತು, ನಿಜ. ಆದರೆ ಅದು ತಿರಸ್ಕರಿಸಿದ್ದು ಮನುಷ್ಯನ ಸಹಕಾರವೂ ಸಿದ್ಧತೆಯೂ ಬೇಡವೇ ಬೇಡ ಎಂಬ ಅರ್ಥದ ನಂಬಿಕೆಯನ್ನು. ಇತ್ತ ಲೂಥರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯ ಆರನೆಯ ವಿಧಿಯು, ನಂಬಿಕೆಯು ಒಳ್ಳೆಯ ಫಲಗಳನ್ನು ಕೊಡಲೇಬೇಕೆನ್ನುತ್ತದೆ.

1999ರ ಅಕ್ಟೋಬರ್ 31ರಂದು ಅದೇ ಆಗ್ಸ್‌ಬರ್ಗ್ ನಗರದಲ್ಲಿ ಕಥೋಲಿಕ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ, ಕ್ರಿಸ್ತನ ರಕ್ಷಣಾಕಾರ್ಯದಲ್ಲಿ ನಂಬಿಕೆಯಿಟ್ಟು ದೇವರಿಗೆ ಅಂಗೀಕೃತರಾಗುತ್ತೇವೆಂದು ಇಬ್ಬರೂ ಅದರಲ್ಲಿ ಒಪ್ಪಿದ್ದಾರೆ. ಮುಂದೆ 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ವಿಶ್ವ ಒಕ್ಕೂಟವೂ ಈ ಒಪ್ಪಂದಕ್ಕೆ ಸೇರಿಕೊಂಡವು.

ಹಾಗೆಂದು ಭಿನ್ನತೆಗಳೆಲ್ಲ ಅಳಿದುಹೋದವೆಂದು ಹೇಳಲಾರೆ. ಪಾಪಿಯನ್ನು ನೀತಿವಂತನೆಂದು ಎಣಿಸುವುದು ಕ್ರಿಸ್ತನ ನೀತಿಯನ್ನು ಅವನ ಲೆಕ್ಕಕ್ಕೆ ಹಿಡಿದು ದೇವರು ನೀಡುವ ತೀರ್ಪು ಎಂದು ನಾವು ನಂಬುತ್ತೇವೆ. ಕೃಪೆಯು ಮನುಷ್ಯನೊಳಗೇ ಸುರಿಸಲ್ಪಟ್ಟು ಅವನನ್ನು ನಿಜವಾಗಿ ನೀತಿವಂತನನ್ನಾಗಿಸುತ್ತದೆ, ಆ ನೀತಿ ಬೆಳೆಯಬಲ್ಲದು, ಘೋರ ಪಾಪದಿಂದ ಕಳೆದುಹೋಗಲೂಬಲ್ಲದು ಎಂದು ಕಥೋಲಿಕರು ಬೋಧಿಸುತ್ತಾರೆ. ನವೆಂಬರ್ 2ರಂದು ಅವರು ಸಮಾಧಿಗಳ ಮೇಲೆ ಮೊಂಬತ್ತಿ ಹಚ್ಚಿ, ಮೃತರ ಆತ್ಮಗಳ ಶುದ್ಧೀಕರಣಕ್ಕಾಗಿ ಪ್ರಾರ್ಥಿಸುವುದರ ಹಿಂದೆ ಈ ತಿಳಿವಳಿಕೆಯಿದೆ. ತೀರಿಕೊಂಡವರನ್ನು ದೇವರ ಕೈಗೆ ಒಪ್ಪಿಸಿ ನಾವು ಅಂಥ ಪ್ರಾರ್ಥನೆ ಮಾಡದಿರುವುದರ ಹಿಂದೆ ನಮ್ಮದಿದೆ. ಈ ವಿಷಯದಲ್ಲಿ ನಾನು ನನ್ನ ಸಭೆಯ ಬೋಧನೆಗೇ ಬದ್ಧನು. ಆದರೆ ಇದು ಕೃಪೆಯು ನಮ್ಮಲ್ಲಿ ಹೇಗೆ ಕೆಲಸ ಮಾಡುತ್ತದೆಂಬ ವಾದವೇ ಹೊರತು ಕೃಪೆ ಬೇಕೋ ಬೇಡವೋ ಎಂಬ ವಾದವಲ್ಲ.

ಆದ್ದರಿಂದ ಲೂಥರರ ಸುಧಾರಣೆಯನ್ನು ನೆನೆಯುವ ಸುಧಾರಣಾ ಭಾನುವಾರದ ಪ್ರಸಂಗಕ್ಕೆ ಸಿದ್ಧರಾಗುವ ಸಭಾಪಾಲಕರು ಟ್ರೆಂಟ್ ಸಭೆಯ ಆ ಮೊದಲ ನಿಯಮವನ್ನೂ 1999ರ ಘೋಷಣೆಯ ಹದಿನೈದನೆಯ ಪರಿಚ್ಛೇದವನ್ನೂ ಸಭೆಯ ಮುಂದೆ ಕನ್ನಡದಲ್ಲಿ ಓದಿ ಹೇಳಬೇಕೆಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ, ಮಂಗಳೂರು