ಏಪ್ರಿಲ್‌ನ ತುಟ್ಟಿಭತ್ಯೆ ಫೆಬ್ರವರಿಯಲ್ಲೇ ತಿಳಿಯಲಿ

ಮಾನ್ಯ ಸಂಪಾದಕರೇ,

ಹಾಸನದ ಬಿ.ಎಂ. ರಸ್ತೆಯ ಆಸುಪಾಸಿನ ಹೋಟೆಲು, ಲಾಡ್ಜು, ಬಟ್ಟೆ ಅಂಗಡಿಗಳಿಗೆ ಸಂಬಳದ ಲೆಕ್ಕ ಬರೆದುಕೊಡುವುದು ನನ್ನ ಕಸುಬು. ಸಕಲೇಶಪುರದ ಕಡೆಯ ಒಂದೆರಡು ಕಾಫಿ ತೋಟಗಳ ಲೆಕ್ಕವೂ ನನ್ನ ಬಳಿ ಇದೆ. ಸಂಕ್ರಾಂತಿ ಕಳೆಯಿತೆಂದರೆ ಎರಡು ಕಡೆಯಿಂದಲೂ ಒಂದೇ ಪ್ರಶ್ನೆ ಶುರುವಾಗುತ್ತದೆ. ಮಾಲೀಕರು ‘ಮೇಡಂ, ಏಪ್ರಿಲ್‌ನಿಂದ ಎಷ್ಟು ಏರುತ್ತೆ?’ ಅಂತ ಕೇಳುತ್ತಾರೆ. ಪಾತ್ರೆ ತೊಳೆಯುವ ಹೆಂಗಸರು ‘ಅಕ್ಕಾ, ಈ ಸಲ ನಮಗೆಷ್ಟು ಜಾಸ್ತಿ ಮಾಡವ್ರೆ?’ ಅಂತ ಕೇಳುತ್ತಾರೆ. ಇಬ್ಬರಿಗೂ ಕೊಡಲು ನನ್ನ ಬಳಿ ಉತ್ತರ ಇರುವುದಿಲ್ಲ. ಕೆಲವು ವರ್ಷ ಏಪ್ರಿಲ್ ತಿಂಗಳ ಸಂಬಳ ಕೊಟ್ಟಾದ ಮೇಲೂ ಇರುವುದಿಲ್ಲ.

ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನದ ಜೊತೆಗೆ, ಬೆಲೆ ಏರಿಕೆಗೆ ಪರಿಹಾರವಾಗಿ ಕೊಡಬೇಕಾದ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಹಿಂದಿನ ವರ್ಷದ ಜನವರಿಯಿಂದ ಡಿಸೆಂಬರ್‌ವರೆಗಿನ ಗ್ರಾಹಕ ಬೆಲೆ ಸೂಚ್ಯಂಕದ (ದಿನಬಳಕೆಯ ವಸ್ತುಗಳ ಬೆಲೆ ಎಷ್ಟು ಏರಿದೆ ಎಂದು ತೋರಿಸುವ ಅಂಕಿಯ) ಸರಾಸರಿ ನೋಡಿ, ಅದು ಎಷ್ಟು ಅಂಶ ಏರಿದೆಯೋ ಅಷ್ಟಕ್ಕೆ ಅಂಶಕ್ಕಿಷ್ಟು ಪೈಸೆಯಂತೆ ಲೆಕ್ಕ ಹಾಕುತ್ತಾರೆ. ಇದನ್ನು ಯಾರೂ ಕೂತು ಚರ್ಚಿಸಿ ತೀರ್ಮಾನಿಸಬೇಕಾಗಿಲ್ಲ, ಬರೀ ಗುಣಾಕಾರ. ಕೇಂದ್ರದ ಲೇಬರ್ ಬ್ಯೂರೋ ಕೈಗಾರಿಕಾ ಕಾರ್ಮಿಕರ ಸೂಚ್ಯಂಕವನ್ನು ಮರುತಿಂಗಳ ಕೊನೆಯ ಕೆಲಸದ ದಿನ ಹೊರಡಿಸುತ್ತದೆ. ಅಂದರೆ ಡಿಸೆಂಬರ್‌ನ ಅಂಕಿ ಜನವರಿ ಮುಗಿಯುವಷ್ಟರಲ್ಲಿ ಜಗತ್ತಿಗೇ ಗೊತ್ತಿರುತ್ತದೆ. ಆಮೇಲೆ ಏಪ್ರಿಲ್‌ಗೆ ಪೂರಾ ಎರಡು ತಿಂಗಳಿದೆ. ಹೀಗಿದ್ದೂ ಆದೇಶ ಚಿಕ್ಕ ಊರಿನ ಹೋಟೆಲಿನವರ ಕೈಗೆ ತಲುಪುವಾಗ ಮೇ, ಜೂನ್ ಆಗಿರುವುದನ್ನು ನಾನು ನೋಡಿದ್ದೇನೆ. ಅಲ್ಲಿಯವರೆಗೆ ನಮಗೆ ಆಧಾರ ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಮಸುಕು ಪಟ್ಟಿ. ಅದು ಯಾವ ವರ್ಷದ್ದು, ಯಾವ ಉದ್ದಿಮೆಯದ್ದು ಎಂದು ತಿಳಿಯಲು ಹಿಗ್ಗಿಸಿ ಹಿಗ್ಗಿಸಿ ನೋಡಬೇಕು. ತೋಟಕ್ಕೊಂದು ದರ, ಹೋಟೆಲಿಗೊಂದು, ಅಂಗಡಿಗೊಂದು. ಒಂದೇ ಮನೆತನದವರಿಗೆ ತೋಟವೂ ಲಾಡ್ಜೂ ಇದ್ದರೆ ಎರಡು ಪಟ್ಟಿ ಹುಡುಕಬೇಕು.

ತಡವಾದರೆ ಏನಾಗುತ್ತದೆ ಎಂಬುದನ್ನು ಅಂಕಿಯಲ್ಲೇ ಹೇಳುತ್ತೇನೆ. ದಿನಕ್ಕೆ 20 ರೂಪಾಯಿ ಏರಿತು ಎಂದಿಟ್ಟುಕೊಳ್ಳಿ. 26 ದಿನಕ್ಕೆ 520. ಪಿಎಫ್ (ಭವಿಷ್ಯ ನಿಧಿ) ಲೆಕ್ಕಕ್ಕೆ ಬರುವ ಸಂಬಳ 15,000ದೊಳಗಿದ್ದರೆ ಇದರ ಮೇಲೆ ಮಾಲೀಕರು ಶೇ 12 ವಂತಿಗೆ, ಆಡಳಿತ ಶುಲ್ಕ ಮತ್ತು ವಿಮೆ ಸೇರಿ ಇನ್ನೂ ಶೇ 1 ಕಟ್ಟಬೇಕು. ಇಎಸ್‌ಐ, ಅಂದರೆ ಕೆಲಸಗಾರರ ಆರೋಗ್ಯ ವಿಮೆಗೆ ಶೇ 3.25. ಅಲ್ಲಿಗೆ ಒಬ್ಬ ಕೆಲಸಗಾರನಿಗೆ ತಿಂಗಳಿಗೆ 604 ರೂಪಾಯಿ ಚಿಲ್ಲರೆ ಹೆಚ್ಚು ಖರ್ಚು. 22 ಜನರ ಹೋಟೆಲಿಗೆ 13,300ರ ಹತ್ತಿರ. ಬೋನಸ್ಸು, ಗ್ರಾಚ್ಯುಟಿ ಬೇರೆ. ಏಪ್ರಿಲ್‌ನಿಂದಲೇ ಇಷ್ಟು ಎಂದು ಮೊದಲೇ ತಿಳಿದಿದ್ದರೆ ಊಟದ ದರವನ್ನೋ ಬೆಳಗಿನ ತಿಂಡಿಯ ದರವನ್ನೋ ಸ್ವಲ್ಪ ಏರಿಸಿ ಸರಿದೂಗಿಸುತ್ತಾರೆ. ಮೂರು ತಿಂಗಳು ಕಳೆದ ಮೇಲೆ ತಿಳಿದರೆ 40,000 ರೂಪಾಯಿ ಬಾಕಿ ಒಟ್ಟಿಗೆ ಬಂದು ಕೂರುತ್ತದೆ. ಆಗಲೇ ಉಂಡು ಹೋದ ಗಿರಾಕಿಯ ಹತ್ತಿರ ಅದನ್ನು ವಸೂಲು ಮಾಡುವಂತಿಲ್ಲ.

ಕನಿಷ್ಠ ವೇತನವೇ ಭಾರ ಎನ್ನುವವರ ಪರವಾಗಿ ನಾನು ಬರೆಯುತ್ತಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಆ 520ರಲ್ಲಿ ಕೆಲಸಗಾರನ ಪಾಲಿನ ಪಿಎಫ್ ಶೇ 12, ಇಎಸ್‌ಐ ಶೇ 0.75 ಹಿಡಿದ ಮೇಲೆ ಕೈಗೆ ಸಿಗುವುದು 453 ರೂಪಾಯಿ. ಒಂದು ಸಿಲಿಂಡರಿಗೂ ಸಾಲದು. ವರ್ಷವಿಡೀ ಏರಿದ ಬೆಲೆಗೆ, ವರ್ಷ ಕಳೆದ ಮೇಲೆ ಕೊಡುವ ಪರಿಹಾರ ಅದು. ಅದನ್ನೂ ತಡಮಾಡಿ ಕೊಟ್ಟರೆ ಪೆಟ್ಟು ಬೀಳುವುದು ಮಾಲೀಕರಿಗಿಂತ ಕೆಲಸಗಾರರಿಗೇ ಹೆಚ್ಚು. ಯಾಕೆಂದರೆ ಹೋಟೆಲ್ ಕೆಲಸದವರು ಒಂದೇ ಕಡೆ ನಿಲ್ಲುವವರಲ್ಲ. ಏಪ್ರಿಲ್‌ನಲ್ಲಿ ಊರ ಹಬ್ಬ, ಮೇ ತಿಂಗಳಲ್ಲಿ ಮದುವೆ ಎಂದು ಹೋದವರು ಮುಂದೆ ಬೇಲೂರಿನಲ್ಲೋ ಚಿಕ್ಕಮಗಳೂರಿನಲ್ಲೋ ಕೆಲಸಕ್ಕೆ ಸೇರಿಕೊಳ್ಳುತ್ತಾರೆ. ಜೂನ್‌ನಲ್ಲಿ ಆದೇಶ ಬಂದಾಗ ಅವರ ಹೆಸರು ರಿಜಿಸ್ಟರಿನಲ್ಲಿ ಇರುವುದಿಲ್ಲ. ಹಳೆಯ ನಂಬರಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಅವರಿಗೆ ಸಲ್ಲಬೇಕಾದ ಏಪ್ರಿಲ್, ಮೇ ತಿಂಗಳ ವ್ಯತ್ಯಾಸದ ಹಣವನ್ನು ಹುಡುಕಿಕೊಂಡು ಹೋಗಿ ಕೊಟ್ಟ ಮಾಲೀಕರನ್ನು ನಾನು ಕಂಡಿದ್ದೇನೆ, ಅಂಥವರು ಕಡಿಮೆ. ಮಿಕ್ಕ ಕಡೆ ಆ ದುಡ್ಡು ಹೋದಂತೆಯೇ.

2025ರ ನವೆಂಬರ್ 21ರಂದು ಕೇಂದ್ರದ ವೇತನ ಸಂಹಿತೆ, ಅಂದರೆ ಸಂಬಳಕ್ಕೆ ಸಂಬಂಧಿಸಿದ ಹೊಸ ಕಾನೂನು, ಜಾರಿಗೆ ಬಂದಿದೆ. ಅದರಲ್ಲಿ ನನಗೆ ತುಂಬ ಹಿಡಿಸಿದ ಒಂದು ಮಾತಿದೆ. ಕೆಲಸ ಬಿಟ್ಟವರಿಗೂ ಬಿಡಿಸಲ್ಪಟ್ಟವರಿಗೂ ಎರಡು ಕೆಲಸದ ದಿನಗಳೊಳಗೆ ಬರಬೇಕಾದ ವೇತನವನ್ನೆಲ್ಲ ಚುಕ್ತಾ ಮಾಡಬೇಕು. ಒಳ್ಳೆಯದು, ಹೀಗೇ ಆಗಬೇಕಿತ್ತು. ಆದರೆ ಏಪ್ರಿಲ್ 10ಕ್ಕೆ ಕೆಲಸ ಬಿಟ್ಟವನಿಗೆ ಏಪ್ರಿಲ್ 12ರೊಳಗೆ ಯಾವ ದರದಲ್ಲಿ ಚುಕ್ತಾ ಮಾಡಲಿ? ದರವೇ ಬಂದಿಲ್ಲವಲ್ಲ. ತಿಂಗಳ ಸಂಬಳವನ್ನು ಮರುತಿಂಗಳು 7ರೊಳಗೆ ಕೊಡಬೇಕೆಂಬ ನಿಯಮವೂ ಅದೇ ಸಂಹಿತೆಯಲ್ಲಿದೆ. ವರ್ಗವಾರು ವೇತನ ದರವನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ತೂಗುಹಾಕಬೇಕು, ಸಂಬಳ ಚೀಟಿ ಕೊಡಬೇಕು ಎಂದೂ ಇದೆ. ಮಾಲೀಕರು ದಿನಾಂಕ ತಪ್ಪಬಾರದು ಎನ್ನುವ ಕಾನೂನು, ದರ ಪ್ರಕಟಿಸುವವರಿಗೂ ಒಂದು ದಿನಾಂಕ ಗೊತ್ತುಮಾಡಬೇಡವೇ?

ಮೊದಲೇ ತಿಳಿಸಿದರೆ ಎಷ್ಟು ಸಲೀಸು ಎಂಬುದಕ್ಕೆ ನಮ್ಮ ರಾಜ್ಯದ ವೃತ್ತಿ ತೆರಿಗೆಯೇ ಉದಾಹರಣೆ. 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000ಕ್ಕಿಂತ ಕಡಿಮೆ ಸಂಬಳದವರಿಗೆ ಅದು ಇಲ್ಲ. ಹಿಂದೆ ಈ ಮಿತಿ 15,000 ಇತ್ತು. ನನ್ನ ರಿಜಿಸ್ಟರುಗಳಲ್ಲಿ ಬಹುಪಾಲು ಹೆಸರುಗಳ ಮುಂದೆ ಆ ಕಾಲಂ ಖಾಲಿಯಾಯಿತು, ಸಂತೋಷ. 2025ರ ಏಪ್ರಿಲ್‌ನಿಂದ ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ ಮಾತ್ರ 300, ವರ್ಷಕ್ಕೆ 2,500 ಎಂದಾಗಿದೆ. ಆ 300 ಹಿಡಿಯುವ ಮೊದಲ ಫೆಬ್ರವರಿ 2026ರದ್ದು. ಹತ್ತು ತಿಂಗಳು ಮುಂಚೆ ಗೊತ್ತಿದ್ದರಿಂದ ಯಾರಿಗೂ ತೊಂದರೆ ಇಲ್ಲ. (ನನ್ನಂತೆ ಲೆಕ್ಕ ಬರೆಯುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಫೆಬ್ರವರಿ ಪಟ್ಟಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ.)

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತಿದೆ. ಕೂಲಿ ವರ್ಷಾವರ್ಷ ಏರುತ್ತದೆ, ತಿಂಗಳಿಗೆ ಇಷ್ಟು ಸಂಬಳದವರೆಗೆ ಮಾತ್ರ ಸದಸ್ಯತ್ವ ಎಂಬ ಇಎಸ್‌ಐ ಮಿತಿ ಏರುವುದಿಲ್ಲ. 2017ರ ಜನವರಿಯಲ್ಲಿ 21,000 ಮಾಡಿದ್ದು ಅಲ್ಲೇ ನಿಂತಿದೆ. 2019ರ ಜುಲೈನಲ್ಲಿ ವಂತಿಗೆ ಇಳಿಸಿದರು, ಮಿತಿಯನ್ನು ಮುಟ್ಟಲಿಲ್ಲ. ಕೆಳಗಿನವರಿಗೆ ಏರಿದಂತೆ ಅನುಭವಿಗಳಿಗೂ ಏರಿಸಬೇಕಾಗುತ್ತದೆ. ಹಾಗೆ ಏರಿಸಿದಾಗ ಒಳ್ಳೆಯ ದೋಸೆ ಮಾಸ್ಟರ್ 21,000 ದಾಟುತ್ತಾನೆ. ಇಎಸ್‌ಐ ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಸಂಬಳ ಏರಿದರೆ ಆ ಅವಧಿ ಮುಗಿಯುವವರೆಗೆ ಸದಸ್ಯತ್ವ ಉಳಿಯುತ್ತದೆ. ನಮ್ಮ ತುಟ್ಟಿಭತ್ಯೆ ಏರುವುದು ಸರಿಯಾಗಿ ಏಪ್ರಿಲ್ 1ಕ್ಕೆ, ಅವಧಿ ಶುರುವಾಗುವ ದಿನವೇ. ಹಾಗಾಗಿ ಅವನು ಅವತ್ತೇ ಹೊರಗೆ. ಹಳೆಯ ವಂತಿಗೆಯ ಬಲದ ಮೇಲೆ ಇನ್ನು ಕೆಲವು ತಿಂಗಳು ಚಿಕಿತ್ಸೆ ಸಿಗುತ್ತದೆ, ಆಮೇಲೆ ಅದೂ ಇಲ್ಲ. ಹೋದ ವರ್ಷ ಒಬ್ಬರು ನನ್ನ ಮೇಜಿನ ಮುಂದೆ ನಿಂತು ‘ಅಕ್ಕಾ, ನನಗೆ ಇಪ್ಪತ್ತೊಂದರ ಒಳಗೇ ಇರಲಿ. ಮನೆಯೋರ ಮಾತ್ರೆ ಅಲ್ಲಿಂದಲೇ ಬರೋದು’ ಎಂದರು. ಇಪ್ಪತ್ತು ವರ್ಷ ಒಲೆ ಮುಂದೆ ಬೆಂದ ಮನುಷ್ಯ ತನಗೆ ಸಂಬಳ ಹೆಚ್ಚಿಸಬೇಡಿ ಎಂದು ಕೇಳಿಕೊಳ್ಳುವಂತಾಗಬಾರದು. ಇಎಸ್‌ಐ ಮಿತಿಯನ್ನೂ, 2014ರ ಸೆಪ್ಟೆಂಬರ್‌ನಿಂದ 15,000ದಲ್ಲೇ ಇರುವ ಪಿಎಫ್ ಮಿತಿಯನ್ನೂ ತುಟ್ಟಿಭತ್ಯೆಯಂತೆ ಸೂಚ್ಯಂಕಕ್ಕೆ ಕಟ್ಟಿಬಿಡಬೇಕು. ಇದು ಕೇಂದ್ರಕ್ಕೆ ಸೇರಿದ ವಿಷಯ. ನಮ್ಮ ಜಿಲ್ಲೆಯ ಸಂಸದರು ಅಲ್ಲಿ ಎತ್ತಬೇಕು.

ರಾಜ್ಯದ ಕಾರ್ಮಿಕ ಇಲಾಖೆಗೆ ನನ್ನ ಕೋರಿಕೆ ಬೇರೆ. ಡಿಸೆಂಬರ್‌ನ ಸೂಚ್ಯಂಕ ಬಂದ ಮೇಲೆ, ಫೆಬ್ರವರಿ ಕೊನೆಯೊಳಗೆ ತುಟ್ಟಿಭತ್ಯೆಯ ಆದೇಶ ಹೊರಡಿಸಿ. ‘ಇಷ್ಟು ಅಂಶಕ್ಕೆ ಇಷ್ಟು ಪೈಸೆ’ ಎಂದು ಬಿಡದೆ, ಕುಶಲ, ಅರೆಕುಶಲ, ಅಕುಶಲ ಕೆಲಸಗಾರರಿಗೆ ದಿನಕ್ಕೆಷ್ಟು, ತಿಂಗಳಿಗೆಷ್ಟು ಎಂದು ಕೂಡಿಸಿ, ಉದ್ದಿಮೆಗೊಂದರಂತೆ ಒಂದು ಪುಟದ ಪಟ್ಟಿಯನ್ನು ಕನ್ನಡದಲ್ಲಿ ಕೊಡಿ. ನಮ್ಮ ಊರು ಕೂಲಿ ದರದ ಯಾವ ವಲಯಕ್ಕೆ ಸೇರುತ್ತದೆ ಎಂಬುದು ಅದರ ಮೇಲೇ ಇರಲಿ. ಅದನ್ನೇ ಮುದ್ರಿಸಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ, ತೋಟದ ಮಸ್ಟರ್ (ಹಾಜರಿ) ತೆಗೆಯುವ ಜಾಗದಲ್ಲಿ ಹಚ್ಚುವ ಕೆಲಸ ನನ್ನದು.

– ಸಂಬಳದ ಲೆಕ್ಕ ಬರೆಯುವಾಕೆ, ಹಾಸನ