ಹೆಣಿಗೆ ಮಷಿನ್ ಅಟ್ಟಕ್ಕೆ ಹಾಕೋ ಮುಂಚೆ ಅದರ ಸ್ಪಾಂಜು ನೋಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಮಹಿಳಾ ಪುರವಣೀಲಿ ಮನೇಲೇ ಸ್ವೆಟರ್ ಹೆಣೆದು ಮಾರೋರ ಬಗ್ಗೆ ಬಂದಿತ್ತಲ್ಲ, ಖುಷಿಯಾಯ್ತು. ಮಷಿನ್ ರೇಟು, ಉಲ್ಲನ್ ರೇಟು ಎಲ್ಲಾ ಬರೆದಿದ್ರು, ಆದ್ರೆ ಮಷಿನ್ ಜೊತೆ ಬೇಕಾಗೋ ಚಿಲ್ಲರೆ ಸಾಮಾನಿನ ಸುದ್ದೀನೇ ಇರ್ಲಿಲ್ಲ. ನಮ್ಮಂಥೋರು ಕೈಚೆಲ್ಲೋದು ಅಲ್ಲೇ.

ನನ್ನ ಹತ್ರ ಇರೋದು ಜಪಾನಿನ ಹಳೇ ಬ್ರದರ್ ಮಷಿನ್, ನಮ್ಮ ಅತ್ತಿಗೆ ಊರು ಬಿಡುವಾಗ ಕೊಟ್ಟು ಹೋದದ್ದು. ಆ ಕಂಪನಿ ಹೆಣಿಗೆ ಮಷಿನ್ ಮಾಡೋದು ನಿಲ್ಲಿಸಿ ಎಷ್ಟೋ ವರ್ಷ ಆಯ್ತು, ಹಂಗಾಗಿ ಸ್ಪೇರು ಬೇಕು ಅಂದ್ರೆ ಹೊರದೇಶದಿಂದ ತರಿಸ್ಬೇಕು, ಸಾಮಾನಿಗಿಂತ ಕೊರಿಯರ್ ಚಾರ್ಜೇ ಜಾಸ್ತಿ ಆಗುತ್ತೆ. ಮೊದಲನೇ ವರ್ಷ ಕುಣಿಕೆ ಜಾರೋದು, ಸೂಜಿ ಸಾಲಿನ ಮೇಲೆ ಆಚೀಚೆ ಓಡಿಸೋ ಕ್ಯಾರೇಜ್ ಮಧ್ಯದಲ್ಲೇ ಕಚ್ಕೊಂಡು ನಿಲ್ಲೋದು, ರಿಪೇರಿಯವನು ಬಂದು ನೋಡಿ "ಇದು ಆಗಲ್ಲ ಅಕ್ಕಾ, ಗುಜರಿಗೆ ಹಾಕಿ" ಅಂದ. ನಾನೂ ನಂಬಿದೆ, ಎರಡು ಮಳೆಗಾಲ ಅದು ಅಟ್ಟದಲ್ಲೇ ಇತ್ತು.

ಆಮೇಲೆ ಗೊತ್ತಾಯ್ತು, ಕೆಟ್ಟಿದ್ದು ಸ್ಪಾಂಜ್ ಬಾರ್ ಅಷ್ಟೇ. ಸೂಜಿಗಳ ಮೇಲೆ ಅಡ್ಡಡ್ಡ ಒಂದು ಉದ್ದದ ತಗಡಿನ ಪಟ್ಟಿ ಇರುತ್ತೆ, ಅದರೊಳಗಿನ ಸ್ಪಾಂಜು ಸೂಜಿಗಳನ್ನ ಕೆಳಕ್ಕೆ ಒತ್ತಿ ಹಿಡಿಯುತ್ತೆ. ವರ್ಷ ಕಳೆದಂಗೆ ಆ ಸ್ಪಾಂಜು ಚಪ್ಪಟೆಯಾಗಿ ಬೆಲ್ಲದ ಪಾಕದ ಥರ ಅಂಟಂಟಾಗಿಬಿಡುತ್ತೆ, ಸೂಜಿ ಮೇಲೇಳುತ್ತೆ, ಕ್ಯಾರೇಜ್ ಹೋಗಿ ಅದಕ್ಕೆ ಗುದ್ದುತ್ತೆ. ಪಟ್ಟಿ ಪಕ್ಕದಿಂದ ಎಳೆದ್ರೆ ಈಚೆ ಬರುತ್ತೆ. ಹಳೇ ಅಂಟನ್ನ ನೀಲಗಿರಿ ಎಣ್ಣೆ ಹಚ್ಚಿ ಕೆರೆದು ತೆಗೆದೆ, ಹಾರ್ಡ್‌ವೇರ್ ಅಂಗಡೀಲಿ ಕಿಟಕಿ ಬಾಗಿಲ ಸಂದಿಗೆ ಅಂಟಿಸೋ ಫೋಮ್ ಟೇಪ್ ಸಿಗುತ್ತಲ್ಲ ಅದನ್ನ ತಂದು ಅಂಟಿಸಿದೆ, ಅದರ ಮೇಲೆ ಲಂಗದ ಅಂಚಿಗೆ ಹಾಕೋ ತೆಳು ರಿಬ್ಬನ್ ಒಂದು ಸಾಲು, ಇಲ್ಲಾಂದ್ರೆ ಸೂಜಿ ಫೋಮನ್ನ ಕಿತ್ತು ತಿನ್ನುತ್ತೆ. ದಪ್ಪ ಜಾಸ್ತಿ ಆದ್ರೆ ಪಟ್ಟಿ ಒಳಗೇ ಹೋಗಲ್ಲ, ಕಮ್ಮಿ ಆದ್ರೆ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ, ಅದಕ್ಕೆ ನಾನು ಎರಡು ಸಲ ಕಿತ್ತು ಎರಡು ಸಲ ಅಂಟಿಸಿದ್ದು. ಒಟ್ಟು ಖರ್ಚು ಒಂದು ಮಸಾಲೆದೋಸೆ ಕಾಫಿಯಷ್ಟೂ ಆಗ್ಲಿಲ್ಲ. ಮಷಿನ್ ಮತ್ತೆ ಓಡ್ತು.

ಅಲ್ಲಿಂದ ನಂಗೆ ಹುಚ್ಚು ಹತ್ತಿತು. ಒಂದು ಬಿಟ್ಟು ಒಂದು ಸೂಜಿ ಮುಂದೆ ತಳ್ಳೋಕೆ ಹಲ್ಲಿರೋ ಪ್ಲಾಸ್ಟಿಕ್ ಪಟ್ಟಿ ಬೇಕು, ಹಳೇ ಎಟಿಎಂ ಕಾರ್ಡಲ್ಲಿ ಕತ್ತರಿಸಿದೆ. ನಮ್ಮ ಮಷಿನ್‌ದು 200 ಸೂಜಿ, ಒಂದರಿಂದ ಒಂದಕ್ಕೆ 4.5 ಮಿಮೀ ದೂರ. ಮೊದಲನೇದನ್ನ ಸ್ಕೇಲ್ ಇಟ್ಟು ಗುರುತು ಹಾಕಿ ಮಾಡಿದ್ದು ಪೂರ್ತಿ ದಂಡ ಆಯ್ತು, ಯಾಕಂದ್ರೆ ಒಂದೊಂದು ಗುರುತಲ್ಲೂ ಅರ್ಧ ಮಿಮೀ ತಪ್ಪಿದ್ರೆ ಒಂಬತ್ತನೇ ಹಲ್ಲು ಬರೋಷ್ಟರಲ್ಲಿ ಪೂರ್ತಿ ಒಂದು ಸೂಜಿ ಆಚೀಚೆ. ಸ್ಕೇಲ್ ಬಿಟ್ಟು, ಕಾರ್ಡಿನ ಅಂಚನ್ನ ಸೂಜಿ ಸಾಲಿಗೇ ಒತ್ತಿ ಹಿಡಿದು ಪೆನ್ನಲ್ಲಿ ಗುರುತು ಹಾಕ್ಕೊಳ್ಳಿ, ಮಷಿನ್ನೇ ಅಳತೆ ಕೊಡುತ್ತೆ. ಲೂಧಿಯಾನದ ಕೈಮಷಿನ್ ಇರೋರಂತೂ ಹಿಂಗೇ ಮಾಡ್ಬೇಕು, ಅದರ ಸೂಜಿ ದೂರ ಬೇರೆ, ನನ್ನ ಕಾರ್ಡ್ ನಿಮಗೆ ಕೂರಲ್ಲ.

ಹೆಣಿಗೆ ಶುರು ಮಾಡೋ ಬಾಚಣಿಗೆ ಬದಲಿಗೆ ಹರಿದ ಸೊಳ್ಳೆಪರದೆಯ ಒಂದು ತುಂಡು ಸಾಕು. ಕೆಳಗಡೆ ಮಡಚಿ ಹೊಲಿದು ಅದರೊಳಗೆ ಸೈಕಲ್ ಸ್ಪೋಕ್ ತೂರಿಸಿ, ಮೇಲಿನ ಅಂಚಿನ ತೂತುಗಳನ್ನ ಸೂಜಿ ಕೊಕ್ಕೆಗೆ ಸಿಕ್ಕಿಸಿ, ಸ್ಪೋಕಿಗೆ ಮರಳು ತುಂಬಿದ ಬಟ್ಟೆ ಚೀಲ ನೇತುಹಾಕಿ. ಅಂಚಿಗೆ ಹಾಕೋ ಸಣ್ಣ ವೇಟಿಗೆ ಊಟದ ಫೋರ್ಕನ್ನೇ ಇಕ್ಕಳದಲ್ಲಿ ಬಗ್ಗಿಸ್ಕೊಂಡಿದ್ದೀನಿ, ಆದ್ರೆ ತುದಿ ಉಜ್ಜಿ ನುಣುಪು ಮಾಡ್ದೆ ಹಾಕಿದ್ರೆ ಉಲ್ಲನ್ ಹರಿಯುತ್ತೆ, ನೋಡ್ಕೊಳಿ. ಮನೆಯವರು ಫೋರ್ಕ್ ಹುಡುಕ್ತಾ ಇದ್ರೆ ನಾನು ಸುಮ್ನಿರ್ತೀನಿ.

ತೂತುಗಳಿಂದ ಮಷಿನ್‌ಗೆ ಡಿಸೈನ್ ತೋರಿಸೋ ಪಂಚ್ ಕಾರ್ಡೂ ಮಾಡಬಹುದು, ಫೈಲಿನ ಗಟ್ಟಿ ಪ್ಲಾಸ್ಟಿಕ್ ಹಾಳೆ ಮೇಲೆ ಹಳೇ ಕಾರ್ಡ್ ಇಟ್ಟು ಅಚ್ಚು ತೆಗೀಬೇಕು, ಅಡ್ಡಕ್ಕೆ 24 ತೂತಿನ ಲೆಕ್ಕ. ಆಫೀಸ್ ಪಂಚ್ ಬೇಡ, ತೂತು ದೊಡ್ಡದಾಗುತ್ತೆ, ಚಪ್ಪಲಿ ಹೊಲಿಯೋರ ಹತ್ರ ಇರೋ ಪಂಚೇ ಸರಿ.

ಮನೇಲಿ ಮಾಡೋಕೆ ಹೋಗಬಾರದ್ದು ಸೂಜಿ. ಅದರ ತುದೀಲಿ ಮುಚ್ಚಿ ತೆಗೆಯೋ ಸಣ್ಣ ನಾಲಿಗೆ ಇದೆಯಲ್ಲ, ಅದು ಕೂದಲೆಳೆಯಷ್ಟು ಸೊಟ್ಟಗಾದ್ರೂ ಕುಣಿಕೆ ಜಾರುತ್ತೆ, ದುಡ್ಡು ಕೊಟ್ಟು ತಗೊಳ್ಳಿ. ಹಂಗೇ ಕೊಬ್ಬರಿ ಎಣ್ಣೆ ಬಿಡಬೇಡಿ. ನಮ್ಮ ಪಕ್ಕದ ಮನೆ ಆಂಟಿ ಬಿಟ್ಟಿದ್ರು, ಡಿಸೆಂಬರ್ ಚಳೀಲಿ ಬಾಟಲಿಯೊಳಗಿನ ಎಣ್ಣೆ ಗಟ್ಟಿಯಾದಂಗೆ ಮಷಿನ್ನೊಳಗೂ ಗಟ್ಟಿಯಾಗಿ ಕ್ಯಾರೇಜ್ ಅಲ್ಲಾಡ್ಲೇ ಇಲ್ಲ. ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ ಸಾಕು.

ಈಗ ನನ್ನ ತಕರಾರು. ಹೆಂಗಸರಿಗೆ ಹೆಣಿಗೆ ಕಲಿಸೋ ಕಡೆ ನಾನೂ ಹೋಗಿ ಕಲಿತು ಬಂದಿದ್ದೀನಿ, ಕಾಲರ್ ಕಲಿಸಿದ್ರು, ತೋಳು ಕಲಿಸಿದ್ರು, ಸರ್ಟಿಫಿಕೇಟ್ ಕೊಟ್ಟು ಫೋಟೋ ತೆಗೆಸಿದ್ರು. ಸ್ಪಾಂಜ್ ಬಾರ್ ಅಂತ ಒಂದಿದೆ ಅಂತ ಮಾತ್ರ ಒಬ್ಬರೂ ಬಾಯಿ ಬಿಡ್ಲಿಲ್ಲ. ಇದಕ್ಕೆ ಒಂದು ಮಧ್ಯಾಹ್ನ ಸಾಕು ಸಾರ್, ಒಂದು ಹಳೇ ಮಷಿನ್ ಬಿಚ್ಚಿ ಎಲ್ರ ಕೈಲೂ ಒಂದೊಂದು ಪಟ್ಟಿ ಅಂಟಿಸಿದ್ರೆ ಆಯ್ತು. ನಿಮ್ಮ ಪುರವಣೀಲೂ ಇಂಥ ಕೈಕೆಲಸಕ್ಕೆ ಒಂದು ಕಾಲಂ ಜಾಗ ಕೊಡಿ.

ಮತ್ತೆ ಓದುಗರಲ್ಲಿ ಒಂದು ಕೇಳ್ಬೇಕಿತ್ತು. ನೂಲನ್ನ ಮೇಲಕ್ಕೆ ಎಳೆದು ಹಿಡಿಯೋ ಸ್ಪ್ರಿಂಗ್ ತಂತಿಗೆ ಬದಲಿ ಇನ್ನೂ ನಂಗೆ ಸಿಕ್ಕಿಲ್ಲ. ಕೊಡೆ ಕಡ್ಡಿ ಬಗ್ಗಿಸಿ ನೋಡಿದೆ, ಮುರಿದೇ ಹೋಯ್ತು. ಯಾರಾದ್ರೂ ಮಾಡ್ಕೊಂಡಿದ್ರೆ ಇದೇ ಅಂಕಣಕ್ಕೆ ಬರೀರಿ.

ಇಂತಿ,
ನಿಮ್ಮ ಓದುಗಿ, ಸಕಲೇಶಪುರ