ವೈವಾ ಮುಗೀತು, ಒಂದು ಥ್ಯಾಂಕ್ಸ್ ಬಾಕಿ ಇತ್ತು

ಮೊನ್ನೆ ವೈವಾ ಮುಗೀತು. ಗೈಡ್‌ಗೆ, ಲ್ಯಾಬಿನವ್ರಿಗೆ, ನಸುಕಲ್ಲಿ ಜೀಪು ತಂದ ಚಿಕ್ಕಪ್ಪಂಗೆ, ರಾತ್ರಿಯಿಡೀ ಇಂಗ್ಲಿಷಲ್ಲಿ ಯಾರ ಹತ್ರ ಮಾತಾಡ್ತಾನೋ ಅಂತ ಅನುಮಾನ ಪಟ್ಕೊಂಡೇ ಫ್ಲಾಸ್ಕಲ್ಲಿ ಕಾಫಿ ತುಂಬಿಸಿಟ್ಟ ಅಮ್ಮಂಗೆ, ಎಲ್ರಿಗೂ ಒಂದೇ ಸಾಲಲ್ಲಿ ನಮಸ್ಕಾರ. ಬೇಜಾರಾಗ್ಬೇಡಿ, ಉಳಿದ ಜಾಗ ಒಬ್ಬಳಿಗೆ ಬೇಕು. ಹೆಸರು ಹಾಕ್ಬೇಡ ಅಂದಿದಾಳೆ.

ಫ್ಯೂಶನ್‌ನವ್ರಿಗೆ, ಅಂದ್ರೆ ಸೂರ್ಯನಲ್ಲಿ ಆಗೋ ಥರ ಪರಮಾಣು ಬೆಸೆದು ಶಕ್ತಿ ತೆಗೆಯೋಕೆ ನೋಡೋ ನಮ್ಮಂಥೋರಿಗೆ, ದೂರದಿಂದ ಕೂತು ಮಷೀನ್ ನಡೆಸೋದು ಕೊರೊನಾಕ್ಕಿಂತ ಮುಂಚೇನೇ ಗೊತ್ತಿತ್ತು. ಚೀನಾದ ಹೆಫೈಯಲ್ಲಿರೋ ಈಸ್ಟ್ ಅನ್ನೋ ಟೋಕಮ್ಯಾಕ್‌ನ (ವಿಪರೀತ ಕಾದ ಗ್ಯಾಸು, ಅಂದ್ರೆ ಪ್ಲಾಸ್ಮಾನ, ಅಯಸ್ಕಾಂತದಿಂದ ಹಿಡಿದಿಡೋ ಮಷೀನು) ರಾತ್ರಿ ಶಿಫ್ಟನ್ನ ಸ್ಯಾನ್ ಡಿಯಾಗೊದವರು ತಮ್ಮ ಹಗಲಲ್ಲಿ ಆರಾಮಾಗಿ ನಡೆಸಿದ್ರು. ನನ್ನ ಲೆಕ್ಕ ಉಲ್ಟಾ. ಸ್ಯಾನ್ ಡಿಯಾಗೊದ ಡಿ-ತ್ರೀ-ಡಿ ಟೋಕಮ್ಯಾಕ್ ಬೆಳಗ್ಗೆ 8.30ಕ್ಕೆ ಶುರುವಾದ್ರೆ ತೀರ್ಥಹಳ್ಳಿ ಹತ್ರದ ನಮ್ಮನೇಲಿ ರಾತ್ರಿ 9, ಅವರು ಸಂಜೆ ನಿಲ್ಸೋ ಹೊತ್ತಿಗೆ ಇಲ್ಲಿ ಹಾಲು ಕರೆಯೋ ಹೊತ್ತು.

ಅಪ್ಪ ಆಗ ಉಸಿರಿನ ತೊಂದ್ರೇಲಿದ್ರು, ಆ ವಿಷಯ ನಿಮಗೆಲ್ಲ ಗೊತ್ತು, ಮತ್ತೆ ಬರಿಯಲ್ಲ. ನನ್ನ ಪ್ರಯೋಗ ಇದ್ದ ರಾತ್ರಿ ಅದನ್ನ ನಡೆಸೋ ಸೆಷನ್ ಲೀಡರ್ಸ್ ನಾನೂ ಅವಳೂ, ನಾನು ಮನೇಲಿ, ಅವಳು ಅಲ್ಲಿನ ಕಂಟ್ರೋಲ್ ರೂಮಲ್ಲಿ. ಒಂದು ಶಾಟಲ್ಲಿ, ಅಂದ್ರೆ ಮಷೀನ್ ಒಂದ್ಸಲ ಓಡಿಸಿದ್ರೆ, ಪ್ಲಾಸ್ಮಾ ಇರೋದು ಕೆಲವೇ ಸೆಕೆಂಡು, ಆಮೇಲೆ ತಾಮ್ರದ ಕಾಯಿಲ್ ತಣ್ಣಗಾಗೋಕೆ 10-15 ನಿಮಿಷ, ಅಷ್ಟ್ರಲ್ಲಿ ಡೇಟಾ ನೋಡಿ ಮುಂದಿನದಕ್ಕೆ ಪ್ಲಾಸ್ಮಾ ಕಾಯಿಸೋ ಬೀಮ್ ಎಷ್ಟು ಗ್ಯಾಸ್ ಎಷ್ಟು ಅಂತ ತೀರ್ಮಾನ ಆಗ್ಬೇಕು. ಆ ಗ್ಯಾಪಲ್ಲೇ ನಾನು ಎದ್ದು ಅಪ್ಪನ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡ್ಬರ್ತಿದ್ದೆ. ಮಳೆಗೆ ಕರೆಂಟೂ ಹೋಯ್ತು ನೆಟ್ಟೂ ಹೋಯ್ತು, ಒಂದು ಗ್ರಾಫೂ ಕಾಣಲ್ಲ. ಅವಳೇ ಫೋನ್ ಮಾಡಿದ್ಲು. ರೇಡಿಯೋ ಕ್ರಿಕೆಟ್ ಕಾಮೆಂಟ್ರಿ ಥರ ಒಂದೊಂದು ಶಾಟೂ ಓದಿ ಹೇಳಿದ್ಲು, ಬೀಟಾ (ಅಯಸ್ಕಾಂತದ ಒತ್ತಡಕ್ಕೆ ಹೋಲಿಸಿದ್ರೆ ಪ್ಲಾಸ್ಮಾದ ಒತ್ತಡ ಎಷ್ಟು ಅನ್ನೋ ಅಳತೆ) ಎಲ್ಲಿವರೆಗೆ ಹೋಯ್ತು, ಎಲ್ಲಿ ಬಿತ್ತು, ಡಿಸ್ರಪ್ಟ್ ಆಯ್ತಾ ಇಲ್ವಾ, ಅಂದ್ರೆ ಪ್ಲಾಸ್ಮಾ ಇದ್ದಕ್ಕಿದ್ದಂಗೆ ಕುಸಿದುಹೋಯ್ತಾ ಅಂತ. ಪದೇಪದೇ ಎಲ್ಲಿಗೆ ಎದ್ದು ಹೋಗ್ತೀಯ ಅಂತ ಕೇಳಿದ್ಲು, ಹೇಳಿದೆ. ಅದಾದ್ಮೇಲೆ ಬೀಟಾಕ್ಕಿಂತ ಮೊದಲು ಒಂದೇ ಮಾತು ಕೇಳೋಳು, "ಅಪ್ಪ?" ಕನ್ನಡದಲ್ಲಿ ಅವಳಿಗೆ ಬರೋದು ಅದೊಂದೇ, ನನ್ನಿಂದ ಕೇಳಿ ಕಲ್ತಿದ್ದು. 93 ಅಂದೆ. ಇನ್ನೊಂದು ಶಾಟಿಗೆ 91. 88 ಅಂದಾಗ ಅವಳು ಬೀಟಾ ಹೇಳ್ಲೇ ಇಲ್ಲ, ನೀನು ಹೊರಡು, ಮಷೀನ್ ನಾನು ನೋಡ್ಕೋತೀನಿ ಅಂದ್ಲು.

ನಾನು ತಕ್ಷಣ ಏಳ್ಲಿಲ್ಲ. ಎರಡು ವರ್ಷ ಕಾದು ಸಿಕ್ಕ ರನ್ ಟೈಮು, ಒಳಗೆ ಅಪ್ಪ ಉಸಿರಿಗೆ ಒದ್ದಾಡ್ತಿದಾರೆ, ನನ್ ತಲೇಲಿ ಇನ್ನೊಂದೇ ಒಂದು ಶಾಟ್ ಅಂತ ಓಡ್ತಿತ್ತು. ಇದನ್ನ ಅಮ್ಮಂಗೂ ಹೇಳಿಲ್ಲ. ಅವಳು ದನಿ ಎತ್ತಿ ಇನ್ನೊಂದ್ಸಲ ಹೇಳಿದ್ಮೇಲೆ ಎದ್ದಿದ್ದು.

ಮಾರನೇ ದಿನ ಆಸ್ಪತ್ರೆ ಬೆಂಚಲ್ಲಿ ಕೂತು ಲಾಗ್‌ಬುಕ್ ತೆಗೆದೆ. ನಾನು ಹೋದ್ಮೇಲಿನ ಒಂಬತ್ತು ಶಾಟಿಗೂ ಮಾಮೂಲಿಗಿಂತ ಉದ್ದುದ್ದ ಕಾಮೆಂಟು, ನನಗೆ ಬೇಕಾಗೋದನ್ನೆಲ್ಲ ಹುಡುಕಿ ಬರೆದಿದ್ಲು, ಲೀಡರ್ ಅಂತ ಇದ್ದಲ್ಲಿ ನನ್ನ ಹೆಸರು ಹಾಗೇ ಬಿಟ್ಟಿದ್ಲು. ಥೀಸಿಸ್ಸಿನ ನಾಲ್ಕನೇ ಚಾಪ್ಟರ್ ಪೂರ್ತಿ ಆ ಶಾಟ್‌ಗಳೇ.

ಮೊನ್ನೆ ವೈವಾಕ್ಕೂ ಲಿಂಕಲ್ಲಿ ಕೂತಿದ್ಲು, ಅಲ್ಲಿ ಮಧ್ಯರಾತ್ರಿ, ಈ ಸಲ ನಿದ್ದೆಗೆಟ್ಟಿದ್ದು ಅವಳು. ಅಪ್ಪ ಈಗ ತೋಟಕ್ಕೆ ಓಡಾಡ್ತಾರೆ, ಅವಳಿಗೆ ಅಂತ ಹಲಸಿನ ಹಪ್ಪಳ ಕಟ್ಟಿಟ್ಟಿದಾರೆ. ಯಾರಾದ್ರೂ ಆ ಕಡೆ ಹೋಗೋರಿದ್ರೆ ಹೇಳಿ, ಎರಡು ಕಟ್ಟು ಅಷ್ಟೇ.